ಬೆಳಕಿನ ಅಂಗಡಿಯ ನೆಲಮಾಳಿಗೆ

ದೀಪಾವಳಿಗೆ ಇನ್ನೊಂದು ವಾರ ಎನ್ನುವಾಗ ತ್ಯಾವಣಿಗೆ ಬಸ್ ನಿಲ್ದಾಣ ಬೆಳಗ್ಗೆಯೇ ತುಂಬಿಕೊಳ್ಳುತ್ತದೆ. ಚನ್ನಗಿರಿ ತಾಲ್ಲೂಕಿನ ಈ ಊರಿಗೆ ಅದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ತೋಟಗಳಲ್ಲಿ ಅಡಿಕೆ ಕೊಯ್ಲು ನಡೆದಿರುತ್ತದೆ. ಕಣದ ಮೂಲೆಯಲ್ಲಿ ಸುಲಿಯುವ ಯಂತ್ರ ಕಟಕಟ ಎನ್ನುತ್ತದೆ, ಹಂಡೆಯಲ್ಲಿ ಅಡಿಕೆ ಕುದಿಯುತ್ತದೆ, ಚೊಗರಿನ ಒಗರು ವಾಸನೆ ಬೀದಿಯ ತುದಿವರೆಗೂ ಹಬ್ಬುತ್ತದೆ. ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳಲ್ಲಿ ಭತ್ತ ತೆನೆ ತೂಗುತ್ತ ನಿಂತಿರುತ್ತದೆ. ಖೇಣಿ ಹಣ ಕೈಗೆ ಬಂದವರು, ಮಗಳ ಮದುವೆ ಗೊತ್ತು ಮಾಡಿಕೊಂಡವರು, ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ತೆಗೆಯಬೇಕಾದವರು ಎಲ್ಲರೂ ಹೊರಡುವುದು ದಾವಣಗೆರೆ ಕಡೆಗೆ.

ದಾರಿಯುದ್ದಕ್ಕೂ ವಿದ್ಯುತ್ ಕಂಬಗಳು ಜೊತೆಗೇ ಬರುತ್ತವೆ. ಎರಡು ಕಂಬಗಳ ನಡುವೆ ಕೂರಿಸಿದ ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರ್, ಅದರ ಕೆಳಗೆ ತುಕ್ಕು ಹಿಡಿದ ಫ್ಯೂಸ್ ಪೆಟ್ಟಿಗೆ, ಅಲ್ಲಿಂದ ತೋಟದೊಳಕ್ಕೆ ಇಳಿದ ತಂತಿ. ಈ ಕಡೆಯ ರೈತರಿಗೆ ಕರೆಂಟಿನ ಗುಣ ತಿಳಿಯುವುದು ಮೋಟ್ರಿನ ಸದ್ದಿನಿಂದ. ವೋಲ್ಟೇಜ್ ಇಳಿದರೆ ಮೋಟ್ರು ನರಳುತ್ತದೆ, ಒಂದು ಫೇಸ್ ಹೋದರೆ ಗುಂಯ್‌ಗುಟ್ಟಿ ಕಾದು ವೈಂಡಿಂಗ್ ಸುಡುತ್ತದೆ. ನ್ಯೂಟ್ರಲ್ ತುಂಡಾದ ರಾತ್ರಿ ಒಂದಿಡೀ ಬೀದಿಯ ಟಿವಿ, ಫ್ರಿಜ್ಜು, ಬಲ್ಬುಗಳು ಒಟ್ಟಿಗೆ ಹೋಗುತ್ತವೆ. ಕರೆಂಟು ಇದೆಯೇ ಎಂದು ಕೇಳಿದರೆ ಸಾಲದು, ಎಂಥ ಕರೆಂಟು ಎಂದೂ ಕೇಳಬೇಕು ಎನ್ನುವುದನ್ನು ಹಳ್ಳಿಗಳು ಬೆಲೆ ತೆತ್ತು ಕಲಿತಿವೆ. ಪೇಟೆಯ ದೊಡ್ಡ ಕಟ್ಟಡಗಳು ಆ ಪಾಠವನ್ನು ಈಗ ಓದುತ್ತಿವೆ.

ಹದಡಿ ದಾಟಿ ಬಸ್ಸು ದಾವಣಗೆರೆಯೊಳಗೆ ಬರುತ್ತದೆ. ಹಗಲೆಲ್ಲ ಮಂಡಿಪೇಟೆ, ಚೌಕಿಪೇಟೆಗಳ ಓಡಾಟ, ನಡುವೆ ಒಂದು ಪ್ಲೇಟ್ ಬೆಣ್ಣೆದೋಸೆ. ಹೊತ್ತು ಇಳಿಯುವಾಗ ಜನ ಬಂದು ಸೇರುವುದು ಗಾಜಿನ ಮುಖದ, ಐದು ಅಂತಸ್ತಿನ ಒಂದು ಮಳಿಗೆಗೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಇಂಥ ಮಳಿಗೆಗಳು ಶಿವಮೊಗ್ಗ, ತುಮಕೂರು, ಹುಬ್ಬಳ್ಳಿಗಳಲ್ಲೂ ಎದ್ದಿವೆ. ನೆಲಮಹಡಿಯಲ್ಲಿ ಒಡವೆ ಅಂಗಡಿ. ಒಂದೊಂದು ಸರದ ಮೇಲೂ ಒಂದೊಂದು ಪುಟ್ಟ ಎಲ್‌ಇಡಿ ದೀಪ. ಮೊದಲ ಮಹಡಿಯಲ್ಲಿ ಸೀರೆ, ಎರಡನೆಯದರಲ್ಲಿ ಸಿದ್ಧ ಉಡುಪು, ಮೂರನೆಯದರಲ್ಲಿ ಗೋಡೆ ತುಂಬ ಹೊಳೆಯುವ ಟಿವಿಗಳು, ಮೇಲೆ ಹೋಟೆಲು. ಎಸ್ಕಲೇಟರಿನ ಮುಂದೆ ಒಬ್ಬ ಅಜ್ಜಿ ಸೆರಗು ಬಿಗಿದುಕೊಂಡು ನಿಂತಿದ್ದಾರೆ. ಮೊಮ್ಮಗ ಕೈಹಿಡಿದು, "ಬಾ ಅಜ್ಜಿ, ಏನೂ ಆಗಲ್ಲ, ಕಾಲಿಡು" ಎಂದು ಎಳೆಯುತ್ತಾನೆ. ಮೇಲೆ ಸೀರೆಯ ಮಡಿಕೆ ಬಿಚ್ಚಿ ಹರಡಿದ ಹುಡುಗನಿಗೆ ತ್ಯಾವಣಿಗೆಯ ತಾಯಿಯೊಬ್ಬರು ಕೇಳುತ್ತಾರೆ: "ಈ ಬಣ್ಣ ಹಗಲೊತ್ತಿನಾಗೆ ಹೆಂಗ್ ಕಾಣುತ್ತೋ ಏನೋ?" ಹುಡುಗ ತಡಮಾಡದೆ ಹೇಳುತ್ತಾನೆ: "ಅಕ್ಕಾರೆ, ನಮ್ಮ ಲೈಟು ಹಗಲಿನಂಗೇ ಐತಿ, ನೋಡ್ರಿ."

ನಿಜ, ಆ ಬೆಳಕು ಹಗಲಿನಷ್ಟೇ ಬಿಳುಪು. ಅದು ಎಲ್ಲಿಂದ ಬರುತ್ತದೆ ಎಂದು ನೋಡಬೇಕಾದರೆ ಪಾರ್ಕಿಂಗ್ ದಾಟಿ, ಕಾರಿಗೆ ಚಾರ್ಜ್ ಹಾಕುವ ಪೆಟ್ಟಿಗೆಯ ಪಕ್ಕದ ಕಬ್ಬಿಣದ ಬಾಗಿಲು ತಳ್ಳಿ ಒಳಗೆ ಹೋಗಬೇಕು. ಬಾಗಿಲ ಮೇಲೆ ತಲೆಬುರುಡೆಯ ಚಿತ್ರ, ಅಪಾಯದ ಬರಹ. ಕಾಲಡಿಗೆ ಕಪ್ಪು ರಬ್ಬರ್ ಮ್ಯಾಟ್. ಗೋಡೆಗೆ ಮರಳು ತುಂಬಿದ ಕೆಂಪು ಬಕೀಟುಗಳು. ಎದುರಿಗೆ ಆಳೆತ್ತರದ ಬೂದು ಪ್ಯಾನಲ್‌ಗಳ ಸಾಲು, ಜಾಲರಿಯ ಆಚೆ 1000 ಕೆವಿಎ ಟ್ರಾನ್ಸ್‌ಫಾರ್ಮರ್. 11 ಸಾವಿರ ವೋಲ್ಟಿನಲ್ಲಿ ಒಳಬಂದ ವಿದ್ಯುತ್ತನ್ನು 415 ವೋಲ್ಟಿಗೆ ಇಳಿಸಿ ಮಹಡಿಗಳಿಗೆ ಕಳಿಸುವುದು ಇದೇ. ಮೇಲೆ ಏಸಿಯ ತಂಪು. ಇಲ್ಲಿ ಕಾಲಿಟ್ಟ ಕೂಡಲೇ ಬೆವರು.

ಈ ಕೋಣೆಯ ಉಸ್ತುವಾರಿ ತ್ಯಾವಣಿಗೆ ಕಡೆಯ ಒಬ್ಬ ಹುಡುಗನದು. ಐಟಿಐ ಮುಗಿಸಿ, ಕೆಲವು ಕಾಲ ಮೋಟ್ರು ರೀವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿ ಕೈ ಪಳಗಿಸಿಕೊಂಡವನು. ಸುಟ್ಟ ವಾರ್ನಿಷಿನ ವಾಸನೆ ಅವನಿಗೆ ದೂರದಿಂದಲೇ ತಿಳಿಯುತ್ತದೆ. ಪ್ಯಾನಲ್ಲಿನ ಹಿಂದಿನ ಬಾಗಿಲು ತೆಗೆದು ಅವನು ತೋರಿಸಿದ್ದು ಮೇಲಿನ ಮಹಡಿಗೆ ಹೋಗುವ ಒಂದು ಕೇಬಲ್ಲನ್ನು. "ಮುಟ್ಟಬ್ಯಾಡ್ರಿ ಅಣ್ಣಾರೆ, ಹತ್ರ ಕೈ ಹಿಡೀರಿ ಸಾಕು." ಕೆಂಪು, ಹಳದಿ, ನೀಲಿ ಎಳೆಗಳ ಹತ್ತಿರ ಕೈ ಹಿಡಿದರೆ ಹದವಾದ ಬೆಚ್ಚಗೆ. ಕಪ್ಪು ಎಳೆಯ ಹತ್ತಿರ ಒಯ್ದರೆ ಬಿಸಿ ಮುಖಕ್ಕೇ ರಾಚುತ್ತದೆ. ಆ ಕಪ್ಪು ಎಳೆ ನ್ಯೂಟ್ರಲ್, ಮೂರು ಫೇಸುಗಳ ಕರೆಂಟು ಮರಳುವ ದಾರಿ. ಲಗ್ಸ್ ಕೂರಿಸಿದ ಜಾಗದಲ್ಲಿ ಅದರ ಹೊದಿಕೆ ಕಂದಿ, ಅಂಚು ಸುರುಟಿಕೊಂಡಿದೆ.

ಅವನು ಕ್ಲಾಂಪ್ ಮೀಟರಿನ ದವಡೆ ತೆರೆದು ಒಂದೊಂದೇ ಎಳೆಗೆ ಸಿಕ್ಕಿಸಿದ. ಮೂರೂ ಫೇಸಿನಲ್ಲಿ ನೂರರ ಆಸುಪಾಸಿನ ಆಂಪಿಯರ್. ನ್ಯೂಟ್ರಲ್‌ಗೆ ಹಾಕಿದಾಗ ಅಂಕಿ ಓಡಿ ನಿಂತದ್ದು 120ರ ಹತ್ತಿರ. "ಮೂರೂ ಫೇಸು ಬ್ಯಾಲೆನ್ಸ್ ಐತಿ. ಬ್ಯಾಲೆನ್ಸ್ ಇದ್ರೆ ನ್ಯೂಟ್ರಲ್‌ನಾಗೆ ಏನೂ ಹರಿಯಲ್ಲ ಅಂತ ನಮಗೆ ಕಲಿಸಿದ್ರು. ಇಲ್ಲಿ ನೋಡಿದ್ರೆ ಫೇಸಿಗಿಂತ ಜಾಸ್ತಿ ಹರೀತೈತಿ" ಎಂದ. ಅವನ ಮುಖದಲ್ಲಿ ದೂರಿಗಿಂತ ಕಾಳಜಿಯೇ ಹೆಚ್ಚಿತ್ತು.

ಅವನಿಗೆ ಕಲಿಸಿದ ಪಾಠ ತಪ್ಪಲ್ಲ. ಅದು ಬಲ್ಬು, ಹೀಟರ್, ಇಸ್ತ್ರಿಪೆಟ್ಟಿಗೆ, ಮೋಟ್ರುಗಳ ಕಾಲದ ಪಾಠ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿ ಇಳಿಯುವ ನಯವಾದ ಅಲೆ. ಹಳೆಯ ಬಲ್ಬು ಆ ಅಲೆ ಏರಿದಂತೆ ಕರೆಂಟನ್ನು ಹೆಚ್ಚು ಎಳೆಯುತ್ತದೆ, ಇಳಿದಂತೆ ಕಡಿಮೆ ಮಾಡುತ್ತದೆ. ಎಳೆತವೂ ಅಲೆಯ ಆಕಾರದಲ್ಲೇ ಇರುತ್ತದೆ. ಎಲ್‌ಇಡಿ ದೀಪ, ಕಂಪ್ಯೂಟರ್, ಟಿವಿ, ಯುಪಿಎಸ್‌ಗಳ ರೀತಿಯೇ ಬೇರೆ. ಅವು ಒಳಗೆ ಎಸಿಯನ್ನು ಡಿಸಿ ಮಾಡಿಕೊಂಡು ಪುಟ್ಟ ಕೆಪ್ಯಾಸಿಟರಿನಲ್ಲಿ ಕೂಡಿಡುತ್ತವೆ. ಅದು ಬರಿದಾಗುತ್ತ ಬಂದಾಗ ಮಾತ್ರ, ಅಂದರೆ ಅಲೆಯ ನೆತ್ತಿಯಲ್ಲಿ ಮಾತ್ರ, ಗಬಕ್ಕನೆ ಕರೆಂಟು ಎಳೆದು ಉಳಿದ ಹೊತ್ತು ಸುಮ್ಮನಿರುತ್ತವೆ. 9 ವಾಟಿನ ಒಂದು ಬಲ್ಬು ಹೀಗೆ ಮಾಡಿದರೆ ಲೆಕ್ಕಕ್ಕಿಲ್ಲ. ಐದು ಮಹಡಿಯ ಸಾವಿರಾರು ದೀಪಗಳು ಒಂದೇ ಗಳಿಗೆಯಲ್ಲಿ ಅದೇ ನೆತ್ತಿಗೆ ಬಾಯಿ ಹಾಕಿದರೆ ಅಲೆಯ ನೆತ್ತಿಯೇ ಸವೆದು ಚಪ್ಪಟೆಯಾಗುತ್ತದೆ. ಪವರ್ ಅನಲೈಸರಿನ ಪರದೆಯ ಮೇಲೆ ಇದು ಕಣ್ಣಿಗೇ ಕಾಣುತ್ತದೆ: ವೋಲ್ಟೇಜಿನ ಗೆರೆ ತುದಿ ಮೊಂಡಾದ ಅಲೆ, ಕರೆಂಟಿನ ಗೆರೆ ಎರಡು ಚೂಪು ಮುಳ್ಳು.

ಫ್ರಾನ್ಸಿನ ಜೋಸೆಫ್ ಫೂರಿಯೆ ಶಾಖದ ಹರಿವನ್ನು ಕುರಿತು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ದೊಡ್ಡ ಸತ್ಯವನ್ನು ಕಂಡುಕೊಟ್ಟ. ಮತ್ತೆ ಮತ್ತೆ ಮರುಕಳಿಸುವ ಎಂಥ ಡೊಂಕು ಅಲೆಯನ್ನೂ ಹಲವು ನಯವಾದ ಅಲೆಗಳ ಮೊತ್ತವಾಗಿ ಬಿಡಿಸಬಹುದು. ಮುಳ್ಳಿನಾಕಾರದ ಈ ಕರೆಂಟನ್ನು ಹಾಗೆ ಬಿಡಿಸಿದರೆ ಸಿಗುವುದು ಮೂಲದ 50 ಹರ್ಟ್ಸ್, ಜೊತೆಗೆ ಅದರ ಮೂರು ಪಟ್ಟು 150, ಐದು ಪಟ್ಟು 250, ಏಳು ಪಟ್ಟು 350. ಹೀಗೆ ಬೆಸದ ಲೆಕ್ಕದಲ್ಲಿ ಸಾಲು ಮುಂದುವರಿಯುತ್ತದೆ. ಈ ಹೆಚ್ಚುವರಿ ಅಲೆಗಳೇ ಹಾರ್ಮೋನಿಕ್ಸ್. ದೀಪ ಉರಿಸುವ ನಿಜವಾದ ಕೆಲಸ ಬಹುಮಟ್ಟಿಗೆ 50 ಹರ್ಟ್ಸಿನದು. ಉಳಿದವು ತಂತಿಯಲ್ಲಿ ಓಡಾಡುತ್ತವೆ, ತಾಮ್ರವನ್ನು ಕಾಯಿಸುತ್ತವೆ.

ಕಪ್ಪು ಎಳೆ ಯಾಕೆ ಕಾಯುತ್ತದೆ ಎನ್ನುವುದಕ್ಕೆ ಉತ್ತರ ಮೂರನೇ ಹಾರ್ಮೋನಿಕ್‌ನಲ್ಲಿದೆ. ಮೂರು ಫೇಸುಗಳ 50 ಹರ್ಟ್ಸ್ ಅಲೆಗಳು ಒಂದರಿಂದ ಒಂದು 120 ಡಿಗ್ರಿ ಹಿಂದುಮುಂದಾಗಿ ಬರುತ್ತವೆ. ಆದ್ದರಿಂದ ನ್ಯೂಟ್ರಲ್‌ನಲ್ಲಿ ಕೂಡಿದಾಗ ಒಂದನ್ನೊಂದು ಕಳೆದು ಸೊನ್ನೆಯಾಗುತ್ತವೆ. ಮೂರನೇ ಹಾರ್ಮೋನಿಕ್‌ಗೆ ಆ ಅಂತರ ಮೂರು ಪಟ್ಟಾಗಿ 360 ಡಿಗ್ರಿ ಆಗುತ್ತದೆ, ಅಂದರೆ ಅಂತರವೇ ಇಲ್ಲ. ಮೂರು ಫೇಸಿನ ಮೂರೂ ಅಲೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ನ್ಯೂಟ್ರಲ್‌ನಲ್ಲಿ ಕಳೆಯುವ ಬದಲು ಕೂಡುತ್ತವೆ. ಪ್ರತಿ ಫೇಸಿನ 100 ಆಂಪಿಯರಿನಲ್ಲಿ 40 ಆಂಪಿಯರ್ ಮೂರನೆಯದಾಗಿದ್ದರೆ ನ್ಯೂಟ್ರಲ್‌ಗೆ 120 ಬಂದು ಬೀಳುತ್ತದೆ. ಹುಡುಗನ ಮೀಟರ್ ತೋರಿಸಿದ್ದೂ ಅದನ್ನೇ.

ಈಗ ಕೇಬಲ್ ನೋಡಿ. ಪೇಟೆಯಲ್ಲಿ ಇದಕ್ಕೆ ಮೂರೂವರೆ ಕೋರ್ ಎನ್ನುತ್ತಾರೆ. ಮೂರು ಫೇಸಿಗೆ ಪೂರ್ಣ ದಪ್ಪದ ಮೂರು ಎಳೆ, ನ್ಯೂಟ್ರಲ್‌ಗೆ ಹೆಚ್ಚುಕಡಿಮೆ ಅರ್ಧ ದಪ್ಪದ ಒಂದು. ಫೇಸಿನದು 95 ಚದರ ಮಿಲಿಮೀಟರ್ ಇದ್ದರೆ ನ್ಯೂಟ್ರಲ್ ಬರೀ 50. ನ್ಯೂಟ್ರಲ್‌ನಲ್ಲಿ ಹೆಚ್ಚು ಹರಿಯುವುದಿಲ್ಲ ಎಂಬ ಹಳೆಯ ನಂಬಿಕೆಯ ಮೇಲೆ ಉಳಿಸಿದ ತಾಮ್ರ, ಅಲ್ಯೂಮಿನಿಯಂ ಅದು. ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ತೆಳು ಎಳೆಯಲ್ಲಿ 120 ಆಂಪಿಯರ್ ಹರಿದಾಗ, ದಪ್ಪ ಎಳೆಯಲ್ಲಿ 100 ಹರಿದಾಗಿನ ಸುಮಾರು ಎರಡೂಮುಕ್ಕಾಲು ಪಟ್ಟು ಶಾಖ ಹುಟ್ಟುತ್ತದೆ. ಮೂರು ಪೋಲಿನ ಬ್ರೇಕರ್ ಕಾಯುವುದು ಮೂರು ಫೇಸುಗಳನ್ನು ಮಾತ್ರ. ಫೇಸಿನ ಕರೆಂಟು ಮಿತಿಯೊಳಗಿರುವುದರಿಂದ ಅದು ಟ್ರಿಪ್ ಆಗುವುದಿಲ್ಲ. ಮೇಲೆ ಗಿರಾಕಿಗಳು ಸೀರೆ ಆರಿಸುತ್ತಿರುವಾಗ ಕೆಳಗೆ ಆ ಎಳೆ ಯಾರ ಕಾವಲೂ ಇಲ್ಲದೆ ಕಾಯುತ್ತಿರುತ್ತದೆ. ಅದು ಜಾಯಿಂಟಿನಲ್ಲಿ ಕಿತ್ತು ಬಂದರೆ ತ್ಯಾವಣಿಗೆಯ ಬೀದಿಯಲ್ಲಿ ಟಿವಿ ಸುಟ್ಟ ಕಥೆಯೇ ಇಲ್ಲಿ ಐದು ಮಹಡಿಯ ಅಳತೆಯಲ್ಲಿ ನಡೆಯುತ್ತದೆ.

ಮೂರನೇ ಹಾರ್ಮೋನಿಕ್‌ನ ಕಾಟ ಹೆಚ್ಚಾಗಿ ಕಟ್ಟಡದೊಳಗೇ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರಿನ 11 ಕೆ.ವಿ. ಬದಿಯ ಡೆಲ್ಟಾ ವೈಂಡಿಂಗಿನಲ್ಲಿ ಅದು ಸುತ್ತುತ್ತದೆ, ಲೈನಿಗೆ ದಾಟದೆ ಟ್ರಾನ್ಸ್‌ಫಾರ್ಮರನ್ನೇ ಕಾಯಿಸುತ್ತದೆ. ಹೊರಗೆ ಹೋಗುವ ಅಲೆಗಳು ಬೇರೆ. ಲಿಫ್ಟು, ಎಸ್ಕಲೇಟರು, ಏಸಿಯ ಚಿಲ್ಲರು, ನೀರಿನ ಪಂಪು ಇವೆಲ್ಲ ಈಗ ಡ್ರೈವ್ ಮೇಲೆ ನಡೆಯುತ್ತವೆ. ವೇಗವನ್ನು ಬೇಕಾದಂತೆ ಏರಿಳಿಸುವ ಈ ಪೆಟ್ಟಿಗೆಗಳು ವಿದ್ಯುತ್ತನ್ನು ನಿಜವಾಗಿಯೂ ಉಳಿಸುತ್ತವೆ, ಅವನ್ನು ದೂರಬೇಕಾಗಿಲ್ಲ. ಆದರೆ ಆರು ಡಯೋಡಿನ ಸಾಮಾನ್ಯ ಡ್ರೈವ್ ಲೈನಿನಿಂದ ಎಳೆಯುವ ಕರೆಂಟಿನಲ್ಲಿ ಐದನೆಯದು, ಏಳನೆಯದು, ಹನ್ನೊಂದನೆಯದು, ಹದಿಮೂರನೆಯದು ತುಂಬಿರುತ್ತವೆ. ಚೋಕ್ ಇಲ್ಲದ ಅಗ್ಗದ ಡ್ರೈವಿನಲ್ಲಿ ಈ ಕಲಬೆರಕೆ ಮೂಲ ಕರೆಂಟಿನ ನೂರಕ್ಕೆ 80ನ್ನೂ ದಾಟುವುದುಂಟು. ಐದನೆಯದು ಮೋಟ್ರಿನೊಳಗೆ ಹಿಮ್ಮುಖವಾಗಿ ತಿರುಗುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಮುಂದೆ ಹೋಗಬೇಕಾದ ಶಾಫ್ಟನ್ನು ಹಿಂದಕ್ಕೆ ಎಳೆದು ಅಷ್ಟು ಶಕ್ತಿಯನ್ನು ಶಾಖವಾಗಿಸುತ್ತದೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳಲ್ಲಿ ಸುಳಿ ಕರೆಂಟಿನ ನಷ್ಟ ಆವರ್ತನದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಐದನೆಯ ಹಾರ್ಮೋನಿಕ್‌ನ ಒಂದು ಆಂಪಿಯರ್ ಅಲ್ಲಿ 25 ಪಟ್ಟು ತೂಗುತ್ತದೆ, ಏಳನೆಯದರದು 49 ಪಟ್ಟು. ಜಾಲರಿಯ ಆಚೆಯ ಟ್ರಾನ್ಸ್‌ಫಾರ್ಮರ್ ಪೂರ್ಣ ಲೋಡ್ ತಲುಪುವ ಮೊದಲೇ ಯಾಕೆ ಇಷ್ಟು ಕಾದು ಒರಟಾಗಿ ಗುನುಗುತ್ತದೆ ಎನ್ನುವುದಕ್ಕೆ ಇದೇ ಕಾರಣ.

ಸಂಜೆ ಆರೂವರೆ. ಮೇಲೆ ಜನ ಹೆಚ್ಚಾದರು. ಲಿಫ್ಟುಗಳಿಗೆ ಬಿಡುವಿಲ್ಲ, ಚಿಲ್ಲರ್ ಏರುಗತಿಯಲ್ಲಿದೆ. ಪ್ಯಾನಲ್ ಸಾಲಿನ ಕೊನೆಯ ಪೆಟ್ಟಿಗೆಯೊಳಗೆ 'ಟಕ್' ಎಂದು ಒಂದು ಕಾಂಟ್ಯಾಕ್ಟರ್ ಬಿತ್ತು. ಅದು ಎಪಿಎಫ್‌ಸಿ ಪ್ಯಾನಲ್, ಪವರ್ ಫ್ಯಾಕ್ಟರನ್ನು ಸರಿಪಡಿಸುವ ಪೆಟ್ಟಿಗೆ. ಪವರ್ ಫ್ಯಾಕ್ಟರ್, ಅಂದರೆ ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲು, 0.90ಕ್ಕಿಂತ ಕೆಳಗಿಳಿದರೆ ಹೈಟೆನ್ಷನ್ (ಎಚ್‌ಟಿ) ಗ್ರಾಹಕರಿಗೆ ಬಿಲ್ಲಿನಲ್ಲಿ ದಂಡ ಬೀಳುತ್ತದೆ. ಆದ್ದರಿಂದ ಲೋಡ್ ಏರಿದಂತೆಲ್ಲ ಈ ಪ್ಯಾನಲ್ ತಾನಾಗಿ ಒಂದೊಂದೇ ಕೆಪ್ಯಾಸಿಟರನ್ನು ಲೈನಿಗೆ ಸೇರಿಸುತ್ತದೆ. ಇಲ್ಲಿ ನೂರು ನೂರು ಕೆವಿಎಆರ್‌ನ ನಾಲ್ಕು ಹಂತ. ಒಳ್ಳೆಯ ಉದ್ದೇಶದ ಈ ಯಂತ್ರದಲ್ಲೇ ಆ ಸಂಜೆಯ ದೊಡ್ಡ ಅಪಾಯ ಅಡಗಿದೆ.

ಟ್ರಾನ್ಸ್‌ಫಾರ್ಮರಿನ ಸುರುಳಿಯೂ ಕೆಪ್ಯಾಸಿಟರೂ ಸೇರಿದಾಗ ಯಾವುದೋ ಒಂದು ಆವರ್ತನದಲ್ಲಿ ಎರಡೂ ಒಂದಕ್ಕೊಂದು ದನಿಗೂಡಿಸುತ್ತವೆ. ಆ ಆವರ್ತನದ ಅಲ್ಪ ಕರೆಂಟೂ ಅಲ್ಲಿ ಹಲವು ಪಟ್ಟು ಹಿಗ್ಗುತ್ತದೆ. ಅದನ್ನು ಕಾಗದದ ಮೇಲೆ ಕಂಡುಹಿಡಿಯುವ ಲೆಕ್ಕ ಸುಲಭ: ಟ್ರಾನ್ಸ್‌ಫಾರ್ಮರಿನ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯವನ್ನು ಕೆಪ್ಯಾಸಿಟರಿನ ಕೆವಿಎಆರ್‌ನಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. 1000 ಕೆವಿಎ ಟ್ರಾನ್ಸ್‌ಫಾರ್ಮರಿನ ಇಂಪಿಡೆನ್ಸ್, ಅಂದರೆ ಒಳ ಅಡಚಣೆ, ನೂರಕ್ಕೆ 5 ಆದರೆ ಆ ಸಾಮರ್ಥ್ಯ 20,000 ಕೆವಿಎ. ಮೊದಲ ಹಂತ ಬಿದ್ದಾಗ ದನಿಗೂಡುವ ಜಾಗ 14ನೇ ಹಾರ್ಮೋನಿಕ್ ಹತ್ತಿರ. ಅಲ್ಲಿ ಹೆಚ್ಚೇನೂ ಇಲ್ಲ. ಎರಡನೇ ಹಂತಕ್ಕೆ 10, ಮೂರನೆಯದಕ್ಕೆ 8ರ ಆಚೀಚೆ. ಸಂಜೆ ಏಳರ ಹೊತ್ತಿಗೆ ನಾಲ್ಕನೇ 'ಟಕ್' ಕೇಳಿತು. 20,000 ಭಾಗಿಸು 400, ಅಂದರೆ 50. ಅದರ ವರ್ಗಮೂಲ 7.07. ಲಿಫ್ಟಿನ ಡ್ರೈವು, ಚಿಲ್ಲರಿನ ಡ್ರೈವು ಉಗುಳುವ ಏಳನೇ ಹಾರ್ಮೋನಿಕ್ ನಿಂತಿರುವುದೇ ಅಲ್ಲಿ.

ಪೆಟ್ಟಿಗೆಯೊಳಗಿನ ಸದ್ದು ಬದಲಾಯಿತು. ಅಲ್ಲಿಯವರೆಗೆ ಸಣ್ಣಗೆ ಗುಂಯ್‌ಗುಡುತ್ತಿದ್ದದ್ದು ಈಗ ಕೆರೆಯುವ, ಕೊರೆಯುವ ದನಿ. ಹುಡುಗನ ಕಿವಿ ನಿಮಿರಿತು. ಮೋಟ್ರಿನ ಸದ್ದು ಕೇಳಿ ಬೆಳೆದ ಕಿವಿ ಅದು. ಕೆಪ್ಯಾಸಿಟರಿನ ಸಾಲಿನಲ್ಲಿ ಎರಡು ಡಬ್ಬಿಗಳ ತಲೆ ಉಬ್ಬಿದ್ದನ್ನು ಟಾರ್ಚ್ ಹಾಕಿ ತೋರಿಸಿದ. "ವರ್ಷವರ್ಷ ಇವೇ ಹೋಗ್ತಾವ್ರಿ. ಹೊಸಾವು ತಂದು ಹಾಕ್ತೀವಿ, ಮತ್ತೆ ಹೋಗ್ತಾವು." ಅವನು ನಾಲ್ಕನೇ ಹಂತವನ್ನು ಮ್ಯಾನುಯಲ್‌ಗೆ ತಿರುಗಿಸಿ ಆರಿಸಿದ. ಕೊರೆತ ನಿಂತಿತು. ಪವರ್ ಫ್ಯಾಕ್ಟರ್ ತುಸು ಇಳಿಯಿತು. ಬಿಲ್ಲು ಮತ್ತು ಬೆಂಕಿಯ ನಡುವೆ ಅವನು ಬೆಂಕಿಯನ್ನು ದೂರವಿಟ್ಟಿದ್ದ. ಇಂಥ ತೀರ್ಮಾನದ ಭಾರ ತಿಂಗಳ ಸಂಬಳದ ಒಬ್ಬ ಹುಡುಗನ ಹೆಗಲ ಮೇಲಿರಬಾರದು. ಕಟ್ಟಡದ ನಕ್ಷೆ ಬರೆದ ದಿನವೇ, ಅದನ್ನು ಬರೆದವರು ಮಾಡಬೇಕಾಗಿದ್ದ ಲೆಕ್ಕ ಇದು.

ಏಳೂವರೆ ದಾಟಿ ಸ್ವಲ್ಪ ಹೊತ್ತಿಗೆ ಲೈನ್ ಹೋಯಿತು. ಕತ್ತಲೆಯಲ್ಲಿ ಮಕ್ಕಳ ಕೂಗು, ಮರುಕ್ಷಣ ಡೀಸೆಲ್ ಜನರೇಟರಿನ ಗುಡುಗು. ದೀಪಗಳು ಬಂದವು, ಆದರೆ ಎಲ್ಲೋ ಒಂದಿಷ್ಟು ಮಿಣುಗುತ್ತಿವೆ. ಬಿಲ್ಲಿಂಗ್ ಕೌಂಟರಿನ ಯುಪಿಎಸ್ ಜನರೇಟರಿನ ವಿದ್ಯುತ್ತನ್ನು ಒಪ್ಪಿಕೊಳ್ಳದೆ ಬ್ಯಾಟರಿಯಲ್ಲೇ ಉಳಿದು ಕೀಂ ಕೀಂ ಎನ್ನುತ್ತಿದೆ. ಇದಕ್ಕೂ ಕಾರಣ ಹಾರ್ಮೋನಿಕ್ಸೇ. ಜನರೇಟರಿನ ಒಳ ಅಡಚಣೆ ಟ್ರಾನ್ಸ್‌ಫಾರ್ಮರಿನದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಅದೇ ಡೊಂಕು ಕರೆಂಟು ಅದರ ಮೂಲಕ ಹರಿದಾಗ ವೋಲ್ಟೇಜಿನ ಅಲೆ ಇನ್ನಷ್ಟು ಕೆಡುತ್ತದೆ. ಯುಪಿಎಸ್ ಆ ಅಲೆಯನ್ನು ನೋಡಿ ಬೇಡ ಎನ್ನುತ್ತದೆ. ಅಂಗಡಿಯವರು ಇನ್ನೂ ದೊಡ್ಡ ಜನರೇಟರ್ ತರುವ ಮಾತಾಡುತ್ತಾರೆ. ಕೆಟ್ಟಿರುವುದು ಅಲೆ ಎಂದು ತಿಳಿದಿದ್ದರೆ ಆ ಖರ್ಚಿನ ಒಂದು ಪಾಲಿನಲ್ಲಿ ಕೆಲಸವಾಗುತ್ತಿತ್ತು.

ಈ ಊರಿಗೆ ವಿದ್ಯುತ್ತಿನ ದೊಡ್ಡ ಬಳಕೆ ಹೊಸದಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ದಿನಗಳಲ್ಲಿ ಹತ್ತಿ ಗಿರಣಿಗಳ ಸಾವಿರಾರು ಕದಿರುಗಳು ಪಾಳಿಪಾಳಿಗೂ ತಿರುಗುತ್ತಿದ್ದವು. ಅವನ್ನು ತಿರುಗಿಸಿದ್ದು ನೇರವಾಗಿ ಲೈನಿಗೆ ಕಟ್ಟಿದ ಮೋಟ್ರುಗಳು. ಅವುಗಳ ಎಳೆತ ಭಾರಿಯಾದರೂ ಆಕಾರ ನಯವಾಗಿತ್ತು. ನಮ್ಮ ನಾಡಿನ ವಿದ್ಯುತ್ತಿನ ಮೊದಲ ಕಥೆಯೂ ಅಂಥದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತಿನ ಆವರ್ತನ 25 ಹರ್ಟ್ಸ್. ಗಣಿಯ ಯಂತ್ರಗಳು ಆ ನಿಧಾನದ ಅಲೆಗೆ ಒಗ್ಗಿ ನಡೆದವು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳೂ ಅದೇ ಮೂಲದಿಂದ ಬೆಳಗಿದವು. ಗಿರಣಿಗಳು ಮುಚ್ಚಿದ ಊರಿನಲ್ಲಿ ಈಗ ವಾಣಿಜ್ಯ ಸಂಕೀರ್ಣ, ಆಸ್ಪತ್ರೆ, ಕಾಲೇಜು, ಚಿತ್ರಮಂದಿರಗಳು ಎದ್ದಿವೆ. 2016ರಲ್ಲಿ ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಸ್ಮಾರ್ಟ್ ಎನ್ನುವ ಪ್ರತಿಯೊಂದು ಉಪಕರಣದ ಹೊಟ್ಟೆಯಲ್ಲೂ ನೆತ್ತಿ ಕಚ್ಚುವ ಆ ಪುಟ್ಟ ಡಯೋಡುಗಳಿವೆ. ಬಳಕೆಯ ಸ್ವಭಾವವೇ ಬದಲಾಗಿದೆ. ವೈರಿಂಗಿನ ರೂಢಿ ಮಾತ್ರ ಗಿರಣಿ ಕಾಲದ್ದೇ ಉಳಿದಿದೆ.

ಒಂದು ಕಟ್ಟಡ ತನ್ನ ದುಡ್ಡಿನಲ್ಲಿ ತನ್ನ ಕೇಬಲ್ ಸುಟ್ಟುಕೊಂಡರೆ ಉಳಿದವರಿಗೇನು ಎಂದು ಕೇಳುವವರಿದ್ದಾರೆ. ತ್ಯಾವಣಿಗೆಯ ರೈತರನ್ನು ಕೇಳಿದರೆ ಉತ್ತರ ಸಿಗುತ್ತದೆ. ಭದ್ರಾ ನಾಲೆಯ ಮೇಲ್ಭಾಗದಲ್ಲಿ ಒಬ್ಬ ತೂಬು ಕೆಡಿಸಿದರೆ, ನೀರು ಕದಡಿದರೆ, ಅನುಭವಿಸುವುದು ಕೊನೆಭಾಗದ ಗದ್ದೆಯವನು. 11 ಕೆ.ವಿ. ಫೀಡರ್ ಕೂಡ ಹಾಗೆ ಎಲ್ಲರ ನಾಲೆ. ಮಳಿಗೆಯಿಂದ ಹೊರಬಿದ್ದ ಐದನೆಯ, ಏಳನೆಯ ಅಲೆಗಳು ಅದೇ ಫೀಡರಿನ ನರ್ಸಿಂಗ್ ಹೋಮಿನ ಯಂತ್ರಗಳಿಗೆ, ಪಕ್ಕದ ರೈಸ್‌ಮಿಲ್ಲಿನ ಮೋಟ್ರಿಗೆ, ಮನೆಗಳ ಫ್ರಿಜ್ಜಿಗೆ ತಲುಪುತ್ತವೆ. ಅವರು ಬಳಸದ ದೀಪದ ಬಿಸಿಯನ್ನು ಅವರ ಯಂತ್ರಗಳು ಉಣ್ಣುತ್ತವೆ.

ಅದಕ್ಕೇ ಗಡಿ ಹಾಕಿದ್ದಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಗ್ರಿಡ್ ಸಂಪರ್ಕದ ತಾಂತ್ರಿಕ ಮಾನದಂಡಗಳನ್ನು 2007ರಲ್ಲಿ ಹೊರಡಿಸಿದಾಗಲೇ, ಭಾರಿ ಗ್ರಾಹಕರು ಸೇರುವ ಜಾಗದಲ್ಲಿ ವೋಲ್ಟೇಜಿನ ಒಟ್ಟು ಕಲಬೆರಕೆ ನೂರಕ್ಕೆ 5, ಯಾವುದೇ ಒಂದು ಹಾರ್ಮೋನಿಕ್ 3, ಕರೆಂಟಿನ ಒಟ್ಟು ಕಲಬೆರಕೆ 8 ದಾಟಬಾರದು ಎಂದಿತ್ತು. ಜಗತ್ತಿನ ಎಂಜಿನಿಯರುಗಳು ಅನುಸರಿಸುವ ಐಇಇಇ 519 ಮಾನದಂಡ 1981ರಲ್ಲಿ ಮೊದಲು ಬಂತು, 2022ರಲ್ಲಿ ಪರಿಷ್ಕಾರಗೊಂಡಿತು. ಅದರ ಪ್ರಕಾರ 1000 ವೋಲ್ಟಿನೊಳಗಿನ ಸಾಲುಗಳಲ್ಲಿ ವೋಲ್ಟೇಜಿನ ಕಲಬೆರಕೆ ನೂರಕ್ಕೆ 8ರೊಳಗಿರಬೇಕು. ಇವೆಲ್ಲ ಅಳೆಯುವುದು ಕಟ್ಟಡವೂ ಊರಿನ ಲೈನೂ ಕೂಡುವ ಜಾಗದಲ್ಲಿ. ತನ್ನ ಕೊಳೆಯನ್ನು ತನ್ನ ಬಾಗಿಲೊಳಗೇ ತೊಳೆದುಕೊಳ್ಳಬೇಕು ಎನ್ನುವ ನ್ಯಾಯವೇ ಈ ನಿಯಮಗಳ ಹುರುಳು.

ತೊಳೆಯುವ ದಾರಿಗಳು ಸಿದ್ಧವಾಗಿವೆ. ಮೊದಲನೆಯದು ಅಳತೆ. ಹಬ್ಬದ ಸಂಜೆಯೂ ಸೋಮವಾರದ ಮಧ್ಯಾಹ್ನವೂ ಸಿಗುವಂತೆ ಒಂದು ವಾರ ಅನಲೈಸರ್ ಕೂರಿಸಿ ಯಾವ ಹಾರ್ಮೋನಿಕ್ ಎಷ್ಟು, ಯಾವ ಮಹಡಿಯಿಂದ ಎಂದು ಬರೆದಿಟ್ಟುಕೊಳ್ಳಬೇಕು. ಎರಡನೆಯದು ಬರುವಲ್ಲೇ ತಡೆಯುವುದು. ಡ್ರೈವಿನ ಮುಂದೆ ಶೇಕಡಾ 3ರಿಂದ 5ರ ಚೋಕ್ ಹಾಕಿದರೆ 80 ಇದ್ದ ಕಲಬೆರಕೆ 35-40ಕ್ಕೆ ಇಳಿಯುತ್ತದೆ. ದೊಡ್ಡ ಚಿಲ್ಲರಿಗೆ ಆಕ್ಟಿವ್ ಫ್ರಂಟ್ ಎಂಡ್ ಡ್ರೈವ್ ಕೊಂಡರೆ 5ರ ಸುತ್ತ ನಿಲ್ಲುತ್ತದೆ. ಎಲ್‌ಇಡಿ ಕೊಳ್ಳುವಾಗ ವಾಟ್ ಮತ್ತು ಬೆಲೆಯ ಜೊತೆಗೆ ಪವರ್ ಫ್ಯಾಕ್ಟರ್, ಟಿಎಚ್‌ಡಿ (ಒಟ್ಟು ಕಲಬೆರಕೆ) ಎಂಬ ಎರಡು ಸಾಲುಗಳನ್ನೂ ಓದಬೇಕು. ಅಂತರರಾಷ್ಟ್ರೀಯ ಮಾನದಂಡಗಳು 25 ವಾಟಿಗಿಂತ ದೊಡ್ಡ ದೀಪಗಳಿಗೆ ಬಿಗಿ, ಚಿಕ್ಕವಕ್ಕೆ ಸಡಿಲ. ಅಂಗಡಿ ತುಂಬಾ ಇರುವುದು ಚಿಕ್ಕವೇ.

ಮೂರನೆಯದು ತಾಮ್ರ. ದೀಪ, ಕಂಪ್ಯೂಟರುಗಳ ಮಹಡಿಗೆ ಮೂರೂವರೆ ಕೋರ್ ಬಿಟ್ಟು ನಾಲ್ಕು ಕೋರ್ ಎಳೆಯಬೇಕು, ಅಗತ್ಯವಿದ್ದಲ್ಲಿ ನ್ಯೂಟ್ರಲ್‌ಗೆ ಎರಡು ಎಳೆ ಕೊಡಬೇಕು. ಹೊಸ ಟ್ರಾನ್ಸ್‌ಫಾರ್ಮರಾದರೆ ಹಾರ್ಮೋನಿಕ್ಸ್ ತಾಳುವಂತೆ ಕಟ್ಟಿದ ಕೆ-ಫ್ಯಾಕ್ಟರಿನದನ್ನು ಕೇಳಬೇಕು. ನಾಲ್ಕನೆಯದು ಕೆಪ್ಯಾಸಿಟರಿಗೆ ಕಾವಲು. ಪ್ರತಿ ಹಂತದ ಜೊತೆಗೂ ಶೇಕಡಾ 7ರ ರಿಯಾಕ್ಟರ್ ಎಂಬ ಸುರುಳಿ ಜೋಡಿಸಿದರೆ ದನಿಗೂಡುವ ಜಾಗ 189 ಹರ್ಟ್ಸಿಗೆ ಇಳಿದು, ಐದನೆಯದರ 250ರಿಂದಲೂ ಏಳನೆಯದರ 350ರಿಂದಲೂ ದೂರ ಸರಿಯುತ್ತದೆ. ಮೂರನೇ ಹಾರ್ಮೋನಿಕ್‌ನ ಕಾಟ ಜೋರಾಗಿದ್ದರೆ ಶೇಕಡಾ 14ರ ರಿಯಾಕ್ಟರ್, ಆಗ ಅದು 134 ಹರ್ಟ್ಸ್. ಇಲ್ಲಿ ಒಂದು ಎಚ್ಚರ: ಶೇಕಡಾ 7ರ ರಿಯಾಕ್ಟರ್ ಸೇರಿದ ಮೇಲೆ ಕೆಪ್ಯಾಸಿಟರಿನ ಮೇಲಿನ ವೋಲ್ಟೇಜ್ 415ರಿಂದ 446ಕ್ಕೆ ಏರುತ್ತದೆ. ಹಳೆಯ ಡಬ್ಬಿಗಳಿಗೇ ರಿಯಾಕ್ಟರ್ ಕಟ್ಟಿದರೆ ಅವು ಮತ್ತೆ ಉಬ್ಬುತ್ತವೆ. ಹೆಚ್ಚು ವೋಲ್ಟೇಜ್ ತಾಳುವ ಹೊಸವೇ ಬೇಕು.

ಇಷ್ಟಾದ ಮೇಲೂ ಉಳಿದದ್ದಕ್ಕೆ ಆಕ್ಟಿವ್ ಹಾರ್ಮೋನಿಕ್ ಫಿಲ್ಟರ್. ಗೋಡೆಗೆ ತೂಗುಹಾಕುವ ಈ ಪೆಟ್ಟಿಗೆ ಕರೆಂಟ್ ಟ್ರಾನ್ಸ್‌ಫಾರ್ಮರುಗಳ (ಸಿಟಿ) ಮೂಲಕ ಕರೆಂಟಿನ ಡೊಂಕನ್ನು ಕ್ಷಣಕ್ಷಣವೂ ಓದುತ್ತದೆ, ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಂದ ಅಷ್ಟೇ ಪ್ರಮಾಣದ ವಿರುದ್ಧ ಅಲೆಯನ್ನು ಹುಟ್ಟಿಸಿ ಲೈನಿಗೆ ಬಿಡುತ್ತದೆ. ಎರಡೂ ಕೂಡಿ ಕಳೆದುಹೋಗಿ, ಹೊರಗಿನ ಫೀಡರಿಗೆ ಕಾಣುವುದು ನಯವಾದ ಎಳೆತ. ಬೆಲೆ ಹೆಚ್ಚು. ಆದ್ದರಿಂದಲೇ ಮೊದಲಿನ ಕೆಲಸಗಳನ್ನು ಮುಗಿಸಿ, ಉಳಿದಷ್ಟಕ್ಕೇ ಇದನ್ನು ಅಳತೆ ಮಾಡಿ ಕೊಳ್ಳುವುದು ಜಾಣತನ. ಹಾಕಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಅಳೆಯದ ದುರಸ್ತಿ ಬರೀ ನಂಬಿಕೆ.

ಇದಕ್ಕೆ ಬೇಕಾದ ವಿದ್ಯೆ ನಮ್ಮಲ್ಲೇ ಇದೆ. ಬೆಂಗಳೂರಿನಲ್ಲಿ 1960ರಿಂದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ದಾವಣಗೆರೆಯಲ್ಲೇ 1951ರಲ್ಲಿ ಹುಟ್ಟಿದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿದೆ. ಪ್ರತಿ ವರ್ಷ ಇಲ್ಲಿನ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಊರಿನ ಒಂದೊಂದು ದೊಡ್ಡ ಕಟ್ಟಡವನ್ನು ಒಂದೊಂದು ತಂಡ ಅಳೆದರೆ ಕೆಲವೇ ವರ್ಷಗಳಲ್ಲಿ ದಾವಣಗೆರೆಯ ವಿದ್ಯುತ್ತಿನ ಆರೋಗ್ಯದ ನಕ್ಷೆಯೇ ಸಿದ್ಧವಾಗುತ್ತದೆ. ಪ್ಯಾನಲ್ ರೂಮಿನ ಹುಡುಗರಿಗೆ ಆ ವಿದ್ಯಾರ್ಥಿಗಳಿಂದ ಲೆಕ್ಕ, ವಿದ್ಯಾರ್ಥಿಗಳಿಗೆ ಆ ಹುಡುಗರಿಂದ ಕಿವಿ. ಇಬ್ಬರಿಗೂ ಲಾಭ.

ಎಚ್‌ಟಿ ಸಂಪರ್ಕಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು, ಲಿಫ್ಟಿಗೆ ಪರವಾನಗಿ ಬೇಕು, ಅಗ್ನಿಶಾಮಕದವರ ಪತ್ರ ಬೇಕು. ಆ ಕಡತಕ್ಕೆ ಇನ್ನೊಂದು ಹಾಳೆ ಸೇರಲಿ: ಪೂರ್ಣ ಲೋಡಿನಲ್ಲಿ ಒಂದು ವಾರ ಅಳೆದ ಹಾರ್ಮೋನಿಕ್ಸ್ ವರದಿ, ನ್ಯೂಟ್ರಲ್ ಕರೆಂಟಿನ ಅಂಕಿಯ ಸಮೇತ. ಈ ಮಾತು ದಾವಣಗೆರೆಗೆ ಮಾತ್ರ ಸಲ್ಲುವುದಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲೂ ಕಲ್ಯಾಣ ಮಂಟಪಗಳು, ಷೋರೂಮುಗಳು, ಆಸ್ಪತ್ರೆಗಳು ಮೇಲೇಳುತ್ತಿವೆ. ನಾಳೆ ತ್ಯಾವಣಿಗೆಯ ರಸ್ತೆ ಬದಿಯಲ್ಲೂ ಲಿಫ್ಟಿರುವ ಕಟ್ಟಡ ನಿಲ್ಲುತ್ತದೆ. ದಾವಣಗೆರೆಯ ನೆಲಮಾಳಿಗೆಗಳು ಕೇಬಲ್ ಸುಟ್ಟುಕೊಂಡು ಕಲಿತದ್ದನ್ನು ಈ ಊರುಗಳು ತಳಪಾಯ ಹಾಕುವಾಗಲೇ ಬಳಸಿಕೊಳ್ಳಬಹುದು. ನಾಲ್ಕನೇ ಕೋರಿಗೆ, ಒಂದು ರಿಯಾಕ್ಟರಿಗೆ ಆಗ ತಗಲುವ ಖರ್ಚು ಗೋಡೆಗೆ ಅಂಟಿಸುವ ಗ್ರಾನೈಟಿನ ಮುಂದೆ ದೊಡ್ಡದೇನಲ್ಲ. ಮನೆ ಕಟ್ಟಿಸುವವರು, ಮಳಿಗೆ ಕಟ್ಟಿಸುವವರು ಗುತ್ತಿಗೆದಾರರನ್ನು ಇನ್ನು ಮುಂದೆ ಈ ಒಂದು ಪ್ರಶ್ನೆ ಕೇಳದೆ ಸಹಿ ಹಾಕಬಾರದು: ನ್ಯೂಟ್ರಲ್ ಎಷ್ಟು ದಪ್ಪ?